ಸಕ್ಕರೆ ಹಾಕದ ಕಾಫಿ

೨೧ ಸೆಪ್ಟೆಂಬರ್ ೨೦೨೫, ಭಾನುವಾರ. ಮಹಾಲಯ ಅಮಾವಾಸ್ಯೆ.

ಅಮ್ಮ ಹೇಳಿದ ಸುಳ್ಳು ಇವತ್ತು ಕಣ್ಣಿಗೆ ಬಿತ್ತು.

ನಿನ್ನೆ ಬಂಗಾರಪೇಟೆಯ ಡಾಕ್ಟರು ರಿಪೋರ್ಟ್ ನೋಡಿ, ನನ್ನ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ತೀರಾ ಕಡಿಮೆಯಾಗಿದೆ, ಇನ್ನು ಮಾತ್ರೆ ಸಾಲದು, ಇಂಜೆಕ್ಷನ್ ಬೇಕು ಎಂದರು. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಅಮ್ಮ, "ನಮ್ ವಂಸದಾಗೆ ಯಾರ್ಗೂ ಇಲ್ಲ ಸಾರ್. ನಮ್ಮೆಜಮಾನ್ರು ಮೈನ್ಸ್‌ನಾಗೆ ಕಾಲ್ಗೆ ಗಾಯ ಆಗಿ ತೀರೋದ್ರು" ಎಂದಳು. ಆ ಗಾಯ ಯಾಕೆ ಮಾಯಲೇ ಇಲ್ಲವೆಂದು ನಾನೂ ಎಂದೂ ಕೇಳಿರಲಿಲ್ಲ.

ಇವತ್ತು ಹಿರಿಯರಿಗೆ ಎಡೆ. ಬದುಕಿದ್ದಾಗ ಅವರು ಏನು ತಿನ್ನುತ್ತಿದ್ದರೋ, ಹೇಗೆ ಕುಡಿಯುತ್ತಿದ್ದರೋ ಹಾಗೆಯೇ ಇಡಬೇಕು. ಅಪ್ಪ, ತಾತ, ಅಪ್ಪನ ತಂಗಿ ಸೊಣ್ಣಮ್ಮತ್ತೆ ಮೂವರಿಗೂ ಅಮ್ಮ ಇಟ್ಟದ್ದು ಸಕ್ಕರೆ ಹಾಕದ ಕಾಫಿ. ಪ್ರತಿ ವರ್ಷವೂ ಹೀಗೇ ಇಡುತ್ತಾಳೆ. ನಾನೆಂಥ ಕುರುಡ.

ಕೇಳಿಯೇ ಬಿಟ್ಟೆ. ದೀಪದ ಬತ್ತಿ ಸರಿಮಾಡುತ್ತಾ, "ಅದ್ನ ಊರ್ಗೆಲ್ಲ ಸಾರ್ಲಾ? ನಿನ್ ಮಗ್ಳುನ್ನ ಯಾರ್ಲಾ ತಂದ್ಕತಾರೆ?" ಎಂದಳು.

ಎಡೆ ಎತ್ತಿದ ಮೇಲೆ ಅದನ್ನು ಮನೆಯವರೇ ಮುಗಿಸಬೇಕು. ಅಪ್ಪನ ಲೋಟವನ್ನು ಅಮ್ಮ ತಾನಾಗಿ ನನ್ನ ಕೈಗಿತ್ತಳು. ನನ್ನ ಮಗಳು ಕಲಾ, ಸೊಣ್ಣಮ್ಮತ್ತೆಯ ಲೋಟಕ್ಕೆ ಕೈ ಚಾಚಿದಳು.

"ನಿಂಗ್ ಬ್ಯಾಡ ಅದು!"

ಹಿರಿಯರ ಎಡೆಯ ಒಂದು ಅಗುಳನ್ನೂ ಚೆಲ್ಲದ ಅಮ್ಮ ಆ ಲೋಟವನ್ನು ಕಿತ್ತುಕೊಂಡು ಬಚ್ಚಲಿಗೆ ಸುರಿದಳು. ಆಮೇಲೆ ಅದನ್ನು ಬೂದಿ ಹಾಕಿ ಉಜ್ಜಿದಳು, ತೊಳೆದಳು, ಮತ್ತೆ ಉಜ್ಜಿದಳು.