ಕೊರಳಿನ ಎಲುಬು

೯ ಜನವರಿ ೧೯೯೮, ಶುಕ್ರವಾರ. ಬೆಳಿಗ್ಗೆ ೧೦

ಕನಿಷ್ಠ ಉಷ್ಣತೆ ೯.೮. ಆಕಾಶ ನಿರ್ಮಲ. ಗಾಳಿ ಇಲ್ಲ.

ಎಂಟು ಗಂಟೆಗೆ ನಡುಮನೆ ತುಂಬಿತು. ಎದ್ದು ನಿಂತು ಬಂದವರಿಗೆಲ್ಲ ವಂದನೆ ಹೇಳಿದೆ. ಕೆಲಸ ಬಿಟ್ಟು ಬಂದಿರಿ, ಮೂರು ಮಾಳಿಗೆ ಹತ್ತಿ ಬಂದಿರಿ, ಋಣಿಯಾಗಿದ್ದೇನೆ. ಆದರೆ ಸಹಾನುಭೂತಿ ಬೇಡ. ಅದನ್ನು ದಯವಿಟ್ಟು ತಿರುಗಿ ಒಯ್ಯಿರಿ. ನಮ್ಮ ಧರ್ಮದಲ್ಲಿ ಸೂತಕವಿಲ್ಲ. ನನ್ನ ಸ್ವಭಾವದಲ್ಲಿ ಅಳುವಿಲ್ಲ.

ಒಳಗಿನಿಂದ ಹೆಂಡತಿ ಕಲ್ಲವ್ವನ ದನಿ: "ಇಲ್ಲೂ ಭಾಷಣಾನ ಮಾಡ್ತೀರೇನ್ರಿ?"

ಕುಳಿತೆ.

ದಾಖಲೆಗೆ: ಮಗ ಬಸವಪ್ರಭು, ವಯಸ್ಸು ಮೂವತ್ತೊಂದು. ಪಿಂಪ್ರಿಯ ಕಾರ್ಖಾನೆಯವರು ಆರು ತಿಂಗಳ ಟ್ರೇನಿಂಗಿಗೆ ಜಪಾನಿಗೆ ಕಳಿಸಿದ್ದರು. ಬುಧವಾರ ಸಂಜೆ ಅಲ್ಲಿಯ ಹಾಸ್ಟೆಲಿನಲ್ಲಿ ಕುಸಿದ. ಮೆದುಳಿನ ರಕ್ತನಾಳ ಒಡೆದದ್ದು. ಆಸ್ಪತ್ರೆ ಮುಟ್ಟುವ ಮೊದಲೇ…

ಇನ್ನೊಂದು, ಅದೂ ದಾಖಲೆಗೆ. ನಿನ್ನೆ ಮಧ್ಯಾಹ್ನ ಕಾರ್ಖಾನೆಯ ಅಧಿಕಾರಿಯ ಫೋನು ಮೊದಲು ಬಂದದ್ದು ನನಗೆ. ಸುದ್ದಿ ಹೇಳಿದ. ತುಸು ತಡೆದು ಕೇಳಿದ: "ಕಾಕಾ, ಬಾಡೀ ಇಕಡೇ ಆಣಾಯಚೀ, ಕೀ ತಿಕಡೇಚ ದಹನ?" ಇಲ್ಲಿಗೆ ತರುವುದೋ, ಅಲ್ಲೇ ದಹನವೋ. ಆ ಮರಾಠಿ ಮನುಷ್ಯನಿಗೇನು ಗೊತ್ತು, ನಾವು ಲಿಂಗಾಯತರು ಸುಡುವವರಲ್ಲವೆಂದು? ಕುಳಿತ ಭಂಗಿಯಲ್ಲಿಟ್ಟು, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಮಣ್ಣು ಕೊಡುವವರು. ಒಂದು ಶಬ್ದದ ಉತ್ತರ ಸಾಕಿತ್ತು.

"ತ್ಯಾಚ್ಯಾ ಬಾಯಕೋಲಾ ವಿಚಾರಾ" ಎಂದೆ. ಅವನ ಹೆಂಡತಿಯನ್ನು ಕೇಳಿ. ಫೋನ್ ಇಟ್ಟೆ.

ತತ್ತ್ವತಃ ಸರಿ. ಮೂರು ವರ್ಷದ ಹಿಂದೆ, ಚಿಂಚವಾಡದ ಹೋಟೆಲ್ ಕಾಂತಪ್ಪನ ಮಗಳು, ಲಿಂಗಾಯತಳಲ್ಲದ ಚಿತ್ರಾಳನ್ನು ಮದುವೆಯಾಗುತ್ತೇನೆಂದು ಬಂದಾಗ, "ಹಂಗಾದ್ರ ಲಿಂಗಾ ಬಿಚ್ಚಿಟ್ಟು ಹೋಗು" ಎಂದೆ. ಅವನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟ. ಹೋದ. ಲಿಂಗವಿರುವ ಆ ಬೆಳ್ಳಿಯ ಕರಡಿಗೆ ನನ್ನ ಡ್ರಾವರಿನಲ್ಲಿದೆ. ಆ ನಿರ್ಣಯ ಅವರಿಬ್ಬರದು. ಇದೂ ಅವರದೇ.

೧೨ ಜನವರಿ, ಸೋಮವಾರ

ಕನಿಷ್ಠ ೧೦.೪.

ನಿನ್ನೆ ಅಲ್ಲಿ ದಹನ ಆಯಿತು. ಚಿತ್ರಾ ಫ್ಯಾಕ್ಸಿನಲ್ಲಿ ಸಹಿ ಮಾಡಿ ಒಪ್ಪಿಗೆ ಕೊಟ್ಟಳಂತೆ. ಅಸ್ಥಿ ಬರುವ ರವಿವಾರ ಬರುತ್ತದೆ.

ಬೈಲಹೊಂಗಲದಿಂದ ಅಣ್ಣ ಶಂಕ್ರೆಪ್ಪ ಬಂದಿದ್ದಾನೆ. ಚೀಲ ಇಳಿಸುವ ಮೊದಲೇ ಸುರು.

"ಸುಟ್ಟರಂತಲ್ಲೋ ಶಿವಪ್ಪಾ! ನಮ್ಮ ಮನೆತನದಾಗ ಬೆಂಕಿ ಕಂಡ ಹೆಣಾ ಒಂದರ ಅದ ಏನು? ಹೋಟೆಲ್ದಾಗ ದ್ವಾಸಿ ಹೊತ್ತಿಸಿದಂಗ ಹೊತ್ತಿಸಿಬಿಟ್ಟಳಲ್ಲೋ ಆಕಿ!"

"ಅಣ್ಣಾ, ಕೈಕಾಲು ತೊಳ್ಕೋ."

"ನಿನ್ನ ಒಂದು ಮಾತು ಕೇಳಬಾರದಾಗಿತ್ತೇನು ಆಕಿ? ಫೋನ್ ಇಲ್ಲೇನು ಈ ಮನ್ಯಾಗ?"

ಫೋನು ಅವನ ಬೆನ್ನ ಹಿಂದೆ, ಸ್ಟೂಲಿನ ಮೇಲೆ ಇತ್ತು. 

ಮೌನ ಅಸತ್ಯವಲ್ಲ… ಎಂದು ಒಮ್ಮೆ ಧಾರವಾಡದ ಚರ್ಚಾಸ್ಪರ್ಧೆಯಲ್ಲಿ ಇಪ್ಪತ್ತು ನಿಮಿಷ ವಾದಿಸಿ ಢಾಲು ಗೆದ್ದಿದ್ದೆ.

೧೪ ಜನವರಿ, ಬುಧವಾರ. ಸಂಕ್ರಾಂತಿ

ಕನಿಷ್ಠ ೧೧.೧. ತೆಳು ಮೋಡ.

ಕೆಳಗಿನ ಮನೆಯ ಮಕ್ಕಳು ತಿಳಗುಳ— ಎಳ್ಳುಬೆಲ್ಲ— ಹಿಡಿದು ನಮ್ಮ ಮಾಳಿಗೆಯವರೆಗೆ ಹತ್ತಿ, ಬಾಗಿಲು ನೋಡಿ, ಇಳಿದುಹೋದವು. ಯಾರೋ ಹೇಳಿಕೊಟ್ಟಿರಬೇಕು.

ನಾಲ್ಕಕ್ಕೆ ಚಿತ್ರಾ ಬಂದಳು. ಮದುವೆಯಾದ ಮೇಲೆ ಈ ಹೊಸ್ತಿಲು ದಾಟಿದ್ದು ಇದೇ ಮೊದಲು. ಬಿಳಿ ಸೀರೆ ಅಲ್ಲ, ದಿನದ ಸೀರೆ. ಕುಳಿತುಕೊಳ್ಳೆಂದು ಯಾರೂ ಹೇಳಲಿಲ್ಲ. ನಿಂತೇ ಇದ್ದಳು.

ಅಣ್ಣ ಕೇಳಿದ: "ಯಾರನ್ನ ಕೇಳಿ ಸುಡಿಸಿದಿವಾ?"

"ಆಫೀಸಿನವರು ಕೇಳಿದ್ರು ದೊಡ್ಡಮಾವ. ಪೆಟ್ಟಿಗೆ ಬರಲಿಕ್ಕೆ ಹತ್ತು ಹನ್ನೆರಡು ದಿನ ಆಗ್ತದೆ ಅಂದ್ರು. ಅಷ್ಟು ದಿನ ಇವರನ್ನು ಅಲ್ಲಿ ಐಸಿನಲ್ಲಿ ಇಡುವುದು ಬೇಡ ಅಂತ ಕಂಡಿತು. ನಮ್ಮಲ್ಲಿ ಸುಡುವುದೇ ಅಲ್ವಾ…"

"ನಮ್ಮಲ್ಲೆ ಅಲ್ಲಾ!"

"ಅದು ನನಗೆ ಹೇಗೆ ಗೊತ್ತು? ಹೂಳುವುದು ಹೇಗೆ ಅಂತ ಮದುವೆಯಾದವಳ ಹತ್ತಿರ ಯಾರಾದ್ರೂ ಹೇಳ್ತಾರಾ? ಮಳೆಗಾಲದಲ್ಲಿ ಎಲ್ಲಿಗೆ ಹೋಗುವ, ಸ್ಕೂಟರ್ ಯಾವ ಬಣ್ಣದ್ದು ತಗೊಳ್ಳುವ— ಅದು ಇವರು ಹೇಳ್ತಿದ್ರು."

"ಈ ಮನೀಗೆ ಒಂದು ಫೋನ್ ಮಾಡಿದ್ರ ನಿನ್ನ ಕೈ ಬೀಳತಿತ್ತೇನು?"

ಅವಳು ನನ್ನ ಕಡೆ ನೋಡಿದಳು. ಒಂದೇ ಸಲ. ಆಮೇಲೆ ನೆಲ ನೋಡಿ, "ತೋಚಲಿಲ್ಲ, ತಪ್ಪಾಯಿತು" ಎಂದಳು.

ಅವಳಿಗೆ ಗೊತ್ತಿದೆ. ಫೋನು ಮೊದಲು ಎಲ್ಲಿಗೆ ಹೋಗಿತ್ತೆಂದು ಅಧಿಕಾರಿ ಹೇಳಿದ್ದಾನೆ.

ಅವಳು ಹೊರಟಾಗ ಮೆಟ್ಟಿಲಿನವರೆಗೆ ಹಿಂದೆ ಹೋಗಿ ಕೇಳಿದೆ, ಯಾಕೆ ಹೇಳಲಿಲ್ಲವೆಂದು. ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"'ನಿಮ್ಮ ಮಾವ ಅವನ ಹೆಂಡತಿಯನ್ನು ಕೇಳಿ ಅಂದ್ರು' ಅಂತ ಅವರು ಹೇಳಿದಾಗ ನನಗೆ… ಮೂರು ವರ್ಷದಲ್ಲಿ ನೀವು ನನ್ನನ್ನು ಇವರ ಹೆಂಡತಿ ಅಂದದ್ದು ಅದೊಂದೇ ಸಲ ಮಾವ. ಅದನ್ನು ಜಗಳಕ್ಕೆ ಹೇಗೆ ಬಳಸುವುದು?"

 

೧೮ ಜನವರಿ, ರವಿವಾರ. ಸಂಜೆ ೬

ಕನಿಷ್ಠ ೯.೨.

ಅಸ್ಥಿ ಬಂತು. ಮಗನ ಜೊತೆ ಟ್ರೇನಿಂಗಿಗೆ ಹೋಗಿದ್ದ ಸದಾನಂದ— ಗದಗಿನ ಕಡೆಯ ಹುಡುಗ— ಮುಂಬಯಿಯಿಂದ ಟ್ಯಾಕ್ಸಿಯಲ್ಲಿ ತಂದ. ವಿಮಾನದಲ್ಲಿ ಉದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದನಂತೆ. ಚಿತ್ರಾ ಅದನ್ನು ತನ್ನ ಮನೆಗೆ ಇಳಿಸದೆ ನೇರವಾಗಿ ಇಲ್ಲಿಗೆ ಕರೆತಂದಳು. "ಅತ್ತೆ ಮೊದಲು ನೋಡಲಿ" ಎಂದಳಷ್ಟೆ.

ಬಿಳಿ ಬಟ್ಟೆಯಲ್ಲಿ ಕಟ್ಟಿದ ಮರದ ಪೆಟ್ಟಿಗೆ. ಒಳಗೆ ಪಿಂಗಾಣಿ ಭರಣಿ, ಮುಚ್ಚಳದೊಂದಿಗೆ. ಕಲ್ಲವ್ವ ತೊಡೆಯ ಮೇಲೆ ಇಟ್ಟುಕೊಂಡಳು.

"ಇಷ್ಟ ಏನ್ರಿ ಭಾರ? ಹುಟ್ಟಿದಾಗ ಇದಕ್ಕಿಂತಾ ಹೆಚ್ಚಿದ್ದ."

ನಾನು ಗ್ಯಾಲರಿಗೆ ಹೋಗಿ ಥರ್ಮಾಮೀಟರ್ ಒರೆಸಿದೆ. ಧೂಳೇನೂ ಇರಲಿಲ್ಲ.

ಸದಾನಂದ ಹೇಳಿದ್ದನ್ನು ಆದಷ್ಟು ಅವನ ಮಾತಿನಲ್ಲೇ ಬರೆಯುತ್ತೇನೆ:

"ಕಾಕಾ, ಅಲ್ಲೆ ಪೂರಾ ಬೂದಿ ಮಾಡಂಗಿಲ್ರಿ. ಎಲುಬು ಉಳಸ್ತಾರ. ಉದ್ದನ್ನ ಕಡ್ಡಿ ಕೊಟ್ರು— ಇಬ್ಬರು ಕೂಡಿ ಒಂದು ಎಲುಬು ಎತ್ತಬೇಕಂತ್ರಿ. ನಾನು, ನಮ್ಮ ಜಪಾನಿ ಫೋರ್‌ಮನ್. ಅಂವಾ ಮುದುಕ, ಅಳಲಿಕತ್ತಿದ್ದ, ಆದ್ರೂ ಕೈ ಅಳಗಾಡಲಿಲ್ಲ ನೋಡ್ರಿ. ಮೊದಲು ಪಾದದ ಎಲುಬು ಹಾಕಸಿದ್ರು. ಆಮ್ಯಾಲೆ ಮೊಣಕಾಲು, ಸೊಂಟಾ, ಬೆನ್ನು… ಕಡೀಕ ತಲೀದು. ಯಾಕ ಹಿಂಗ ಅಂತ ಕೇಳಿದೆ. ಮನಷ್ಯಾ ಒಳಗ ತಲಿಕೆಳಗಾಗಿ ಇರಬಾರದಂತ್ರಿ. ನೆಟ್ಟಗ ಇರಬೇಕಂತ."

"ನೆಟ್ಟಗ" ಎಂದೆ.

"ಹೌದ್ರಿ. ಮತ್ತ ಕೊರಳಾಗಿಂದು ಒಂದು ಎಲುಬು, ಅದನ್ನ ಬ್ಯಾರೇ ತಗದಿಟ್ಟಿದ್ರು. ಸಣ್ಣದು. ಕೂತ ಮನಷ್ಯಾನಂಗ ಕಾಣಸ್ತದ್ರಿ ಅದು, ಖರೇನ. ಧ್ಯಾನಕ್ಕ ಕೂತಾಂವ ಅಂತಾರ ಅವರು. ಅದನ್ನ ಮ್ಯಾಲೆ, ತಲೀ ಬಾಜೂಕ ಇಟ್ಟು ಮುಚ್ಚಿದ್ರು."

ಅಣ್ಣ ಗೋಡೆಗೆ ಆನಿಕೊಂಡು ಕೇಳುತ್ತಿದ್ದ. "ಅವರ ಪದ್ಧತಿ ಅವರಿಗೆ" ಎಂದು ಎದ್ದುಹೋದ.

ಭರಣಿ ಇಲ್ಲೇ ಇದೆ. ಕಲ್ಲವ್ವ ಅದರ ಪಕ್ಕದಲ್ಲೇ ಕುಳಿತು ಮೆಂತ್ಯ ಸೋಸಿದಳು.

೧೯ ಜನವರಿ, ಸೋಮವಾರ

ಮಠದ ಅಯ್ಯನವರನ್ನು ಅಣ್ಣ ಕರೆದುತಂದ. ಒಳ್ಳೆಯ ಮನುಷ್ಯ. ಭರಣಿಯನ್ನು ಬಹಳ ಹೊತ್ತು ನೋಡಿದರು. ಕೈ ಮುಗಿದರು.

"ಮಣ್ಣು ಕೊಡಬಹುದ್ರಿ ಯಜಮಾನ್ರ, ಯಾರು ಬ್ಯಾಡ ಅಂತಾರ? ಆದ್ರ ಲಿಂಗಾ ಇಡಾಕ ಅಂಗೈ ಬೇಕಲ್ರಿ. ಅಂಗೈ ಎಲ್ಲದ? ಲಿಂಗಾ ಇಲ್ಲದ ಮಣ್ಣು ಕೊಟ್ರ ಅದು ಬರೇ ಹುಗಿಯೂದು ಆಗತದ. ನಾ ಇಂಥಾದ್ದು ಮಾಡಿಲ್ರಿ, ನಮ್ಮ ಹಿರ್ಯಾರೂ ಮಾಡಿಲ್ಲ."

ಅವರು ಹೋದ ಮೇಲೆ ಅಣ್ಣನ ತೀರ್ಪು:

"ಮುಗೀತು. ಆ ಭರಣಿ ಹೋಟೆಲ್ನವರಿಗೆ ವಾಪಸ್ ಕೊಡು. ಆಳಂದಿ ಹೊಳ್ಯಾಗ ಬಿಡ್ತಾರೋ, ಗೋಕರ್ಣಕ್ಕ ಒಯ್ತಾರೋ, ಅವರ ಹಣೇಬಾರ. ನಾವು ಫೋಟೋ ಇಟ್ಟು ಪೂಜಿ ಮಾಡೂಣು. ಮತ್ತ ಆ ಹುಡುಗಿ ಇನ್ನ ಈ ಹೊಸ್ತಿಲಾ ತುಳೀಬಾರದು. ರವಿವಾರ ಹತ್ತಕ್ಕ ನಮ್ಮವರನ್ನೆಲ್ಲಾ ಕರೀತೀನಿ. ನಾಕು ಮಂದಿ ಮುಂದ ನೀನ ಹೇಳು. ಮಾತಾಡೂದರಾಗ ನಿನ್ನ ಬಿಟ್ರ ಯಾರಿದ್ದಾರ?"

ಕಲ್ಲವ್ವ ಒಲೆಯ ಮುಂದಿನಿಂದ ಎದ್ದು ಬಂದು ನಿಂತಳು. ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ. ಕೇಳದಿರುವುದನ್ನು ಮೂವತ್ತಮೂರು ವರ್ಷದಲ್ಲಿ ನಾನೇ ಕಲಿಸಿದ್ದೇನೆ.

೨೦ ಜನವರಿ, ಮಂಗಳವಾರ

ಕನಿಷ್ಠ ೮.೯. ಈ ಋತುವಿನ ಕೆಳಮಟ್ಟ.

ಹಳೆಯ ಅಭ್ಯಾಸದಂತೆ ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಪರ, ಬಲಕ್ಕೆ ವಿರೋಧ. ಕಾಲೇಜಿನಲ್ಲಿ ಚೀಟಿ ಎತ್ತಿ ಪಕ್ಷ ಹಂಚುತ್ತಿದ್ದರು. ಯಾವುದು ಬಂದರೂ ಗೆಲ್ಲುತ್ತಿದ್ದೆ. ನಂಬಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ. ಉತ್ತರಿಸಲಾಗದ ಪ್ರಶ್ನೆ ಬಂದರೆ ಅದನ್ನು ಎದುರಾಳಿಯ ಕಡೆಗೆ ದಾಟಿಸಿಬಿಡುವುದು ನನ್ನ ಹೆಸರಾಂತ ವರಸೆ. ಸಭೆ ಚಪ್ಪಾಳೆ ತಟ್ಟುತ್ತಿತ್ತು.

ಎಂಟನೆಯ ತಾರೀಖು ಮಾಡಿದ್ದೂ ಅದನ್ನೇ. ಎದುರಾಳಿ ಇಪ್ಪತ್ತೇಳು ವರ್ಷದ ಹುಡುಗಿ, ಗಂಡ ಸತ್ತು ಒಂದು ದಿನ ಆಗಿತ್ತು.

ಹಾಳೆ ಖಾಲಿಯೇ ಇದೆ.

೨೪ ಜನವರಿ, ಶನಿವಾರ. ಸಂಜೆ ೭

ಮೂರು ದಿನ ಬರೆಯಲಿಲ್ಲ.

ಇಂದು ಒಬ್ಬನೇ ನಮ್ಮ ಸಮಾಜದ ರುದ್ರಭೂಮಿಗೆ ಹೋದೆ. ಕುಣಿ ತೋಡುವ ಜಟ್ಟೆಪ್ಪ ಬೇವಿನ ಗಿಡದ ಕೆಳಗೆ ಬುತ್ತಿ ಉಣ್ಣುತ್ತಿದ್ದ. ಭರಣಿಯ ಅಳತೆ ಹೇಳಿದೆ— ಎತ್ತರ ಒಂದು ಗೇಣು ನಾಲ್ಕು ಬೆರಳು.

"ಹಂಗಾದ್ರ ಮೊಣಕಾಲುದ್ದ ತೆಗದ್ರ ಸಾಕ್ರಿ ಅಪ್ಪಾರ. ಕೂಸಿಗೆ ತಗದಂಗ."

"ಕೂಸಲ್ಲ. ಮೂವತ್ತೊಂದು ವರ್ಷದಾಂವ. ಐದೂ ಮುಕ್ಕಾಲು ಅಡಿ. ಕುಂತಾನ. ಅಷ್ಟ ಆಳ ತೆಗಿ. ಕುಂಡರಸೋ ಗೂಡೂ ಬೇಕು."

ಅವನು ನನ್ನನ್ನು ನೋಡಿದ. ತಂಬಿಗೆಯ ನೀರಿನಿಂದ ಕೈ ತೊಳೆದ. "ಬುತ್ತಿ ಆಮ್ಯಾಲೆ ಉಣ್ತೀನ್ರಿ" ಎಂದು ಸಲಿಕೆ ಎತ್ತಿಕೊಂಡ. ಅವನು ತೋಡಿ ಮುಗಿಸುವವರೆಗೆ ನಿಂತಿದ್ದೆ. ಗಟ್ಟಿ ಕೆಂಪು ಮಣ್ಣು, ಕೆಳಗೆ ಮುರುಮು.

ಮನೆಗೆ ಬಂದು ಡ್ರಾವರ್ ತೆಗೆದೆ. ಕರಡಿಗೆಯ ಬೆಳ್ಳಿ ಕಪ್ಪಾಗಿದೆ. ದಾರದಲ್ಲಿ ಅವನ ಬೆವರಿನ ಹಳದಿ ಕಲೆ ಇನ್ನೂ ಇದೆ, ಕೊರಳ ಹಿಂಭಾಗಕ್ಕೆ ತಾಗುವ ಕಡೆ. ಕಲ್ಲವ್ವ ವಿಭೂತಿ ಹಚ್ಚಿ ಉಜ್ಜಿದಳು.  ದಾರಕ್ಕೆ ಮಾತ್ರ ನೀರು ಮುಟ್ಟಿಸಲಿಲ್ಲ.

ಸದಾನಂದನಿಗೆ ಫೋನ್ ಮಾಡಿ, ನಾಳೆ ಚಿತ್ರಾಳನ್ನೂ ಕಾಂತಪ್ಪನವರನ್ನೂ ಕರೆದುಕೊಂಡು ಹತ್ತಕ್ಕೆ ಬರಲು ಹೇಳಿದೆ.

೨೫ ಜನವರಿ, ರವಿವಾರ. ಬೆಳಿಗ್ಗೆ ೯-೪೦

ಕನಿಷ್ಠ— ನೋಡಲಿಲ್ಲ.

ನಡುಮನೆ ತುಂಬುತ್ತಿದೆ. ಚಾಪೆ ಹಾಸಿದ್ದಾರೆ. ಅಣ್ಣ ಗೋಡೆಗೆ ಫೋಟೋ ತೂಗುಹಾಕಿಸಿದ್ದಾನೆ. ಹೇಳಬೇಕಾದ್ದನ್ನು ಇಲ್ಲಿ ಒಮ್ಮೆ ಬರೆದುಕೊಳ್ಳುತ್ತೇನೆ. ಎಂದೂ ಚೀಟಿ ನೋಡಿ ಮಾತಾಡಿದವನಲ್ಲ. ಇಂದು ದನಿ ಕೈಕೊಟ್ಟರೆ ಎಂದು.

ಬಂದವರಿಗೆ ವಂದನೆ. ಚರ್ಚೆಗೆಂದು ಸೇರಿದ್ದೀರಿ. ಚರ್ಚೆ ಇಲ್ಲ.

ಎಂಟನೆಯ ತಾರೀಖು ಫೋನು ಮೊದಲು ಬಂದದ್ದು ನನಗೆ. ಮಣ್ಣಿಗೆ ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. ಹೆಂಡತಿಯನ್ನು ಕೇಳಿ ಎಂದೆ. ಅವಳು ತನಗೆ ತಿಳಿದ ಉತ್ತರ ಕೊಟ್ಟಳು. ಆ ಉತ್ತರದ ಹಿಂದೆ ನಾನು ಹದಿನೇಳು ದಿನ ಅಡಗಿ ಕುಳಿತೆ. ಅವಳು ಅಣ್ಣನ ಮುಂದೆ ತಪ್ಪು ತನ್ನದೆಂದಳು. ಅಲ್ಲ.

ಹನ್ನೊಂದಕ್ಕೆ ಮಣ್ಣು. ಕುಣಿ ಸಿದ್ಧವಿದೆ, ಕುಳಿತವನ ಅಳತೆಗೆ. ಬರುವವರು ಬರಬಹುದು.

ಲಿಂಗಕ್ಕೆ ಅಂಗೈ ಇಲ್ಲವೆಂದರು ಅಯ್ಯನವರು. ನಿಜ. ಕೊರಳಿದೆ. ನಾನು ತೆಗೆಸಿದ್ದು ಅಲ್ಲಿಂದಲೇ, ಹೋಗಬೇಕಾದ್ದೂ ಅಲ್ಲಿಗೇ. ಆದರೆ ತೆಗೆಸಿದವನು ತಿರುಗಿ ಇಡತಕ್ಕವನಲ್ಲ. ಭರಣಿಯ ಮುಚ್ಚಳ ತೆಗೆದು, ಆ ಕೊರಳಿನ ಎಲುಬಿನ ಬದಿಗೆ ಲಿಂಗವನ್ನು ಇಡುವವಳು ಅವನ ಹೆಂಡತಿ. ನಮ್ಮ ಸೊಸೆ. ಇದನ್ನು ನಾನು ಯಾರನ್ನೂ ಕೇಳದೆ ನಿರ್ಣಯಿಸಿದ್ದೇನೆ, ಮತಕ್ಕೆ ಹಾಕುವುದಿಲ್ಲ.

ಮೆಟ್ಟಿಲ ಮೇಲೆ ಸದ್ದು. ಕಲ್ಲವ್ವನ ದನಿ— "ಬಾ ಯವ್ವಾ, ಒಳಗ ಬಾ." ಅಣ್ಣ ಏನೋ ಕೂಗಿದ.  ಏಳಬೇಕು. ಕರಡಿಗೆ ಜೇಬಿನಲ್ಲಿದೆ. ವಂದನೆ ಬಿಟ್ಟು, ಮೊದಲ ವಾಕ್ಯ ಮತ್ತೊಮ್ಮೆ: ಫೋನು ಬಂದದ್ದು—