ಅಜ್ಜಿ ಸುರಿದ ನೀರು

ಅಜ್ಜಿಗೆ,

ಪತ್ರ ಬರೆಯುತ್ತಿರುವುದಕ್ಕೆ ಕ್ಷಮಿಸಿ. ನಮ್ಮಿಂದ ಪತ್ರ ಬರಕೂಡದೆಂದು ನೀವು ಹೇಳಿದ್ದು ಗೊತ್ತು. ನಾನೀಗ ಸಿಯೋಲ್‌ನಲ್ಲಿ ಕಾಲೇಜಿನ ಫಸ್ಟ್ ಇಯರ್, ಹಾಸ್ಟೆಲಿನಲ್ಲಿದ್ದೇನೆ.

ಚರ್ಚಿಗೆ ಸೇರದವಳೆಂದು ನೀವು ಹೊಸ್ತಿಲು ದಾಟಗೊಡದ ಅಮ್ಮ ಈ ಈಸ್ಟರಿಗೆ ಜ್ಞಾನಸ್ನಾನ ಪಡೆಯುತ್ತಾಳೆ. ಅವಳ ಜೊತೆ ನಾನೂ ಪಡೆಯಬೇಕೆಂದು ಫಾದರ್ ಹತ್ತಿರ ಹೋದೆ. ಹುಟ್ಟಿದ ವಾರ ನಾನು ಉಳಿಯುವುದಿಲ್ಲವೆಂದು ನೀವು ಆಸ್ಪತ್ರೆಗೆ ಬಂದು, ಅಮ್ಮನನ್ನು ಕೇಳದೆಯೇ ನನ್ನ ತಲೆಗೆ ಜ್ಞಾನಸ್ನಾನದ ನೀರು ಸುರಿದು ಹೋದದ್ದನ್ನೂ ಹೇಳಿದೆ.

"ಹಾಗಾದ್ರೆ ಆಗೋಯ್ತಲ್ಲಮ್ಮ. ಎರಡನೇ ಸಲ ಅನ್ನೋದೇ ಇಲ್ಲ," ಅಂದರು.

"ಅಮ್ಮನ್ನ ಆಚೆ ತಳ್ಳಿದ ಕೈ ಫಾದರ್ ಅದು."

"ಕೈ ಯಾರದಾದ್ರೇನು? ನೀರು ಸುರಿದು ಮಾತು ಸರಿಯಾಗಿ ಹೇಳಿದ್ರೆ ಮುಗೀತು. ಅದರಲ್ಲೇ ಅನುಮಾನ ಇದ್ರೆ ಮಾತ್ರ ಮತ್ತೆ ಕೊಡಬಹುದು. ಅಜ್ಜೀನೇ ಕೇಳು."

ಅದಕ್ಕೇ ಕೇಳುತ್ತಿದ್ದೇನೆ. ನೀರು ನನ್ನ ತಲೆಯ ಮೇಲೆ ಹರಿಯಿತೇ? ಪಿತ, ಸುತ, ಪವಿತ್ರಾತ್ಮ, ಮೂರೂ ಹೆಸರು ಹೇಳಿದಿರೇ? ಪ್ರಾರ್ಥನೆಯಲ್ಲಿ ನೀವು ಒಂದಕ್ಷರವೂ ತಪ್ಪುವವರಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅಂದು ತಪ್ಪಿದ್ದರೆ, ನನಗೆ ನೀವು ಮಾಡಿದ ಉಪಕಾರ ಅದೊಂದೇ ಆಗುತ್ತದೆ.

ನಿಜವನ್ನೇ ಬರೆಯಿರಿ. ದಯವಿಟ್ಟು ಬೇಗ ಉತ್ತರ ಕೊಡಿ.

ನಿಮ್ಮ ಮಗನ ಮಗಳು,
ಹಾನ್ ಸೆಯೊನ್