ಮೇಜಿನ ಮೇಲೆ ಒಣಗ್ತಿರೋ ರೈಫಲ್

ಅಪ್ಪಾ,

ಊಟದ ಮೇಜಿನ ಮೇಲಿರೋ ನನ್ನ ರೈಫಲ್ ಮುಟ್ಟಬೇಡಿ. ಕಬ್ಬಿಣದ ಭಾಗ ಮರದೊಳಗೆ ಅಲ್ಲಾಡದ ಹಾಗೆ ಕೂರಲಿ ಅಂತ ಅಂಟು ತುಂಬಿದ್ದೀನಿ, ಸಂಜೆವರೆಗೆ ಒಣಗಬೇಕು. "ಒಂದ್ಸಲ ಎತ್ತಿ ನೋಡ್ತೀನಿ" ಅಂತ ನಿಮ್ಮ ಕೈ ಸುಮ್ಮನಿರಲ್ಲ, ಗೊತ್ತು. ಆ ಕೈಗೆ ಸಿಂಕಿನಲ್ಲಿ ಪಾತ್ರೆ ಬಿಟ್ಟಿದ್ದೀನಿ.

ಅಂಟು ಅಚ್ಚಿನ ಹಾಗೆ ಗಟ್ಟಿಯಾದ್ರೆ ಸಾಕು, ಕಬ್ಬಿಣಕ್ಕೇ ಹಿಡಿದು ಬಿಚ್ಚೋಕೆ ಬಾರದ ಹಾಗೆ ಆಗಬಾರದು ಅಂತ ಮೇಣ ಬಳಿದಿದ್ದೀನಿ, ತಿರುಪುಗಳಿಗೂ ಸೇರಿಸಿ. ನೀವು ಮೇಣ ಮರೆತು ಒಂದೇ ತುಂಡು ಮಾಡಿಟ್ಟ ರೈಫಲ್ ಗೋಡೆ ಮೇಲಿಂದ ನನ್ನನ್ನೇ ನೋಡ್ತಿತ್ತಲ್ಲ, ಮರೆಯೋದು ಹೇಗೆ? ಮುಖ ಊದಿಸ್ಕೋಬೇಡಿ.

ಆದ್ರೂ ನಾನು ಈ ಕೆಲಸ ಮಾಡ್ತಿರೋದು ಇದೇ ಮೊದಲನೇ ಸಲ. ಭಾನುವಾರದ ಸ್ಪರ್ಧೆಗೆ ನನ್ನ ಹತ್ರ ಬೇರೆ ರೈಫಲ್ ಇಲ್ಲ. ಸಂಜೆ ಮರದಿಂದ ಕಬ್ಬಿಣ ಬಿಚ್ಚುವಾಗ ನೀವು ಪಕ್ಕದಲ್ಲೇ ಇರಬೇಕು. ಬಿಟ್ಟುಕೊಳ್ಳದೇ ಹೋದ್ರೆ ನಿಮ್ಮದರ ಪಕ್ಕ ಇನ್ನೊಂದು ಮೊಳೆ ಹೊಡೀರಿ, ಅಪ್ಪ-ಮಗಳದ್ದು ಜೋಡಿಯಾಗಿ ತೂಗಲಿ.